ಬರಿಗೈಯಲ್ಲಿ ಅಂಗಡಿಗೆ ಬರಬೇಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಒಂದು ಚಿತ್ರ ಬಂದಿತ್ತು. ಯಾವುದೋ ಊರಿನ ಪೇಟೆಬೀದಿ, ವಶಪಡಿಸಿಕೊಂಡ ಪ್ಲಾಸ್ಟಿಕ್ ಕವರುಗಳ ರಾಶಿ, ಪಕ್ಕದಲ್ಲಿ ತಲೆ ತಗ್ಗಿಸಿ ನಿಂತ ಮೂವರು ಅಂಗಡಿಯವರು. ಚಿತ್ರದ ಕೆಳಗೆ ಕವರು ಎಷ್ಟು ಕೆ.ಜಿ., ದಂಡ ಎಷ್ಟು ರೂಪಾಯಿ ಎಂದಿತ್ತು. ಹಾಗೆ ತಲೆ ತಗ್ಗಿಸಿ ನಾನೂ ಒಮ್ಮೆ ನಿಂತಿದ್ದೇನೆ, ದಂಡವನ್ನೂ ಕಟ್ಟಿದ್ದೇನೆ. ಅದು ಅನ್ಯಾಯವೆಂದು ದೂರಲು ಈ ಪತ್ರ ಬರೆಯುತ್ತಿಲ್ಲ. ಆ ಕವರುಗಳು ನಮ್ಮ ಗಲ್ಲಾಪೆಟ್ಟಿಗೆಯ ಕೆಳಗೆ ಏಕೆ ಇರುತ್ತವೆ, ಯಾರಿಗಾಗಿ ಇರುತ್ತವೆ ಎಂಬುದನ್ನು ಅಂಗಡಿಯೊಳಗೆ ಕುಳಿತವರು ಬರೆದದ್ದನ್ನು ನಾನು ಎಲ್ಲಿಯೂ ಓದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪತ್ರ ಉದ್ದವಾಯಿತೆನಿಸಿದರೆ ಬೇಕಾದಲ್ಲಿ ಕತ್ತರಿಸಿಕೊಳ್ಳಿ.

ಸಾಗರದ ಪೇಟೆಯಲ್ಲಿ ನಮ್ಮದು ದಿನಸಿ ಅಂಗಡಿ. ಅಪ್ಪಯ್ಯ 1974ರಲ್ಲಿ ತೆರೆದದ್ದು. 1993ರಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ಕೊಳ್ಳುವವರಿಗೆ ಕವರು ಪುಕ್ಕಟೆ ಬರುವ ವಸ್ತು. ಅಂಗಡಿಯವನಿಗೆ ಹಾಗಲ್ಲ, ನಾವು ಅದನ್ನು ಕೆ.ಜಿ. ಲೆಕ್ಕದಲ್ಲಿ ಕೊಳ್ಳುತ್ತೇವೆ, ಖರ್ಚಿನ ಪುಸ್ತಕದಲ್ಲಿ ಬರೆಯುತ್ತೇವೆ. ನನ್ನ ಹಳೆಯ ಪುಸ್ತಕಗಳನ್ನು ತೆಗೆದು ನೋಡಿದೆ. 2008ರಿಂದ 2019ರವರೆಗೆ ತಿಂಗಳಿಗೆ ಹೆಚ್ಚುಕಡಿಮೆ 12 ಕೆ.ಜಿ. ತೆಳು ಕವರು ತರಿಸಿದ್ದೇನೆ. ಒಂದು ಕೆ.ಜಿ.ಗೆ 300ಕ್ಕಿಂತ ಹೆಚ್ಚು ಕವರುಗಳು ಬರುತ್ತಿದ್ದವು. ಅಂದರೆ ದಿನಕ್ಕೆ 120ಕ್ಕೂ ಮೇಲೆ. ಹನ್ನೊಂದು ವರ್ಷದ ಮೊತ್ತ ಒಂದೂವರೆ ಟನ್ನನ್ನು ದಾಟುತ್ತದೆ. 25 ಕೆ.ಜಿ.ಯ ಅಕ್ಕಿಚೀಲಗಳಲ್ಲಿ ಹೇಳುವುದಾದರೆ 63 ಚೀಲ. ಅಷ್ಟು ಅಕ್ಕಿಯನ್ನು ಪೇರಿಸಿದರೆ ನನ್ನ ಗೋದಾಮಿನ ಒಂದು ಗೋಡೆ ಸೂರಿನವರೆಗೆ ಮುಚ್ಚುತ್ತದೆ. ಇದು ಒಂದು ಸಣ್ಣ ಪೇಟೆಯ ಒಂದೇ ಅಂಗಡಿಯ ಕಥೆ. ಆ 63 ಚೀಲ ಪ್ಲಾಸ್ಟಿಕ್ಕು ಇವತ್ತು ಎಲ್ಲಿದೆ ಎಂದು ನನ್ನನ್ನು ಕೇಳಿದರೆ ಉತ್ತರವಿಲ್ಲ. ಕರಗಿಲ್ಲ, ಕೊಳೆತಿಲ್ಲ, ಎಲ್ಲೋ ಇದೆ.

ಅದರಲ್ಲಿ ಸ್ವಲ್ಪ ಭಾಗ ಎಲ್ಲಿದೆ ಎಂಬುದನ್ನು ಮಾತ್ರ ಕಣ್ಣಾರೆ ಕಂಡೆ. 2019ರ ಆಗಸ್ಟಿನ ಮಳೆಯನ್ನು ಮಲೆನಾಡಿನವರು ಮರೆತಿಲ್ಲ. ಆ ವಾರದ ಒಂದು ರಾತ್ರಿ ನಮ್ಮ ಅಂಗಡಿಯ ಹಿಂದಿನ ಚರಂಡಿ ಕಟ್ಟಿಕೊಂಡು ನೀರು ಗೋದಾಮಿಗೆ ನುಗ್ಗಿತು. ಆರು ಚೀಲ ಅಕ್ಕಿ ಮತ್ತು ಎರಡು ಚೀಲ ಸಕ್ಕರೆ ಹೋದವು. ಬೆಳಿಗ್ಗೆ ಪೌರಕಾರ್ಮಿಕರೊಬ್ಬರು ಕೊಕ್ಕೆಯ ಗಳು ಹಿಡಿದು ಬಂದು, ಸೊಂಟದವರೆಗೆ ಆ ನೀರಿನಲ್ಲಿ ಇಳಿದು, ಚರಂಡಿಯ ಬಾಯಿಯಿಂದ ಒಂದು ದೊಡ್ಡ ಉಂಡೆಯನ್ನು ಎಳೆದು ಹಾಕಿದರು. ಮಣ್ಣು, ಹುಲ್ಲು, ಬೇರು ಎಲ್ಲವೂ ಇತ್ತು. ಅವನ್ನೆಲ್ಲ ಹಿಡಿದು ಬಿಗಿದಿದ್ದು ಕವರುಗಳು. ನೀಲಿ ಪಟ್ಟೆಯ ಕವರುಗಳು. ನಮ್ಮ ಬೀದಿಯಲ್ಲಿ ಆ ವರ್ಷ ನೀಲಿ ಪಟ್ಟೆಯ ಕವರು ತರಿಸುತ್ತಿದ್ದವನು ನಾನೊಬ್ಬನೇ. ಪೌರಕಾರ್ಮಿಕರಿಗೆ ಅದು ಗೊತ್ತಿರಲಿಲ್ಲ. ನಾನು ಕೊಟ್ಟ ಚಹಾ ಕುಡಿದು ಮುಂದಿನ ಚರಂಡಿಗೆ ಹೋದರು. ನಾನು ಆ ಉಂಡೆಯ ಮುಂದೆ ಬಹಳ ಹೊತ್ತು ನಿಂತಿದ್ದೆ.

ಅಪ್ಪಯ್ಯನಿಗೆ ಆಗ ಎಂಬತ್ತು ದಾಟಿತ್ತು. ಅಂಗಡಿಗೆ ಬಂದು ಒದ್ದೆಯಾದ ಅಕ್ಕಿಯನ್ನು ಕೈಯಲ್ಲಿ ಹಿಡಿದು ನೋಡಿ, ‘ನನ್ನ ಕಾಲದಲ್ಲಿ ಕಸದ ಬುಟ್ಟಿ ಇರಲಿಲ್ಲವಲ್ಲ ಈ ಅಂಗಡಿಯಲ್ಲಿ’ ಎಂದರು. ಬೈದದ್ದಲ್ಲ, ನೆನಪಿಸಿಕೊಂಡದ್ದು. ಆ ಮಾತು ನಿಜ. ನಾನು ಹುಡುಗನಾಗಿದ್ದಾಗ ಅಂಗಡಿಯ ತೊಲೆಗೆ ದಾರದ ಉಂಡೆ ತೂಗುತ್ತಿತ್ತು. ಹಳೆಯ ಪತ್ರಿಕೆಯ ಹಾಳೆಯನ್ನು ಕೊಟ್ಟೆಯ ಆಕಾರಕ್ಕೆ ಸುತ್ತಿ, ಬೇಳೆ ಸುರಿದು, ಮೇಲಿನ ಅಂಚನ್ನು ಮಡಚಿ, ದಾರವನ್ನು ಎರಡು ಸುತ್ತು ಸುತ್ತಿ ಚಟ್ಟನೆ ಹರಿಯುವುದನ್ನು ಅಪ್ಪಯ್ಯ ಹತ್ತು ಸೆಕೆಂಡಿನಲ್ಲಿ ಮಾಡುತ್ತಿದ್ದರು. ಬೆಲ್ಲಕ್ಕೆ ಅಡಿಕೆಯ ಹಾಳೆ. ಎಣ್ಣೆಗೆ ಗಿರಾಕಿಗಳೇ ತಂದ ಶೀಸೆ, ಅದರ ಕುತ್ತಿಗೆಗೆ ಕಟ್ಟಿದ ಹುರಿ. ಹಳ್ಳಿಯಿಂದ ಬರುವವರ ಹೆಗಲಲ್ಲಿ ಎರಡು ಚೀಲ ಇದ್ದೇ ಇರುತ್ತಿತ್ತು, ಒಂದು ಅಕ್ಕಿಗೆ, ಒಂದು ಉಳಿದದ್ದಕ್ಕೆ. ಅಂಗಡಿಗೆ ಯಾರೂ ಬರಿಗೈಯಲ್ಲಿ ಬರುತ್ತಿರಲಿಲ್ಲ. ದೇವಸ್ಥಾನಕ್ಕೆ, ಬಾಣಂತಿಯನ್ನು ನೋಡಲು, ಹಿರಿಯರ ಮನೆಗೆ ಬರಿಗೈಯಲ್ಲಿ ಹೋಗಬಾರದು ಎನ್ನುವ ನಮ್ಮಲ್ಲಿ, ಅಂಗಡಿಗೆ ಹೋಗುವುದಕ್ಕೂ ಅದೇ ನಡೆ ಇತ್ತು. ಕವರು ಬಂದ ಮೇಲೆ ಕೈ ಖಾಲಿಯಾಯಿತು.

ಹಾಗೆಂದು ಎಲ್ಲವನ್ನೂ ಹಿಂದಿನಂತೆ ಮಾಡಲು ಬರುವುದಿಲ್ಲ. ಮುದ್ರಣದ ಶಾಯಿ ಆಹಾರಕ್ಕೆ ಹತ್ತುತ್ತದೆ, ಪತ್ರಿಕೆಯ ಹಾಳೆಯಲ್ಲಿ ತಿನ್ನುವ ವಸ್ತು ಕಟ್ಟಬೇಡಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿಯೇ ಹೇಳಿದೆ. ಅದು ಸರಿಯಾದ ಮಾತು. ಅಡುಗೆ ಎಣ್ಣೆಯನ್ನು ಬಿಡಿಯಾಗಿ ಮಾರಲು ಕಾನೂನು ಬಿಡುವುದಿಲ್ಲ, ಕಲಬೆರಕೆಯ ಭಯಕ್ಕೆ ಮಾಡಿದ ನಿಯಮ ಅದು. ಆದ್ದರಿಂದ ಶೀಸೆ ಮತ್ತು ಹುರಿಯ ಕಾಲ ಮುಗಿಯಿತು. ಈಗ ನಾನು ಗಿರಾಕಿಗಳಿಗೆ ಹೇಳುವುದು ಇಷ್ಟೇ: ತಿಂಗಳಿಗೆ ಐದು ಲೀಟರ್ ಎಣ್ಣೆ ಬೇಕಾಗುವ ಮನೆಯವರು ಒಂದೊಂದು ಲೀಟರಿನ ಐದು ಪ್ಯಾಕೆಟ್ ಒಯ್ಯುವ ಬದಲು ಐದು ಲೀಟರಿನ ಕ್ಯಾನ್ ಒಯ್ಯಿರಿ. ಖಾಲಿ ಕ್ಯಾನಿಗೆ ಗುಜರಿಯಲ್ಲಿ ಬೆಲೆ ಇದೆ. ಎಣ್ಣೆ ಮೆತ್ತಿದ ಪ್ಯಾಕೆಟನ್ನು ಗುಜರಿಯವನೂ ಮುಟ್ಟುವುದಿಲ್ಲ.

ಮಳೆ ನಿಂತ ಮೇಲೆ ಕವರು ನಿಲ್ಲಿಸಿದೆ. ನಿಲ್ಲಿಸಿದ ಮೊದಲ ತಿಂಗಳು ನನ್ನ ವ್ಯಾಪಾರ ಬಿದ್ದಿತು ಎಂಬುದನ್ನು ಮುಚ್ಚಿಡುವುದಿಲ್ಲ. ‘ಅರ್ಧ ಕೆ.ಜಿ. ಸಕ್ಕರೆಗೆ ನಾನು ಮನೆಯಿಂದ ಚೀಲ ತರಬೇಕೇ ಅಣ್ಣಾ?’ ಎಂದು ಕೇಳಿದವರಿದ್ದರು. ತೂಗಿಟ್ಟ ಸಾಮಾನನ್ನು ಅಲ್ಲಿಯೇ ಬಿಟ್ಟು ಎದುರಿನ ಅಂಗಡಿಗೆ ಹೋದವರಿದ್ದರು. ಅಪ್ಪಯ್ಯನ ಕಾಲದಿಂದ ಲೆಕ್ಕ ಇಟ್ಟಿದ್ದ ಒಂದು ಮನೆಯವರು ಪುಸ್ತಕ ಚುಕ್ತಾ ಮಾಡಿ ಹೋದರು, ಅದು ನನ್ನ ಮನಸ್ಸಿಗೆ ಬಹಳ ನೋವು ಕೊಟ್ಟಿತು. ಎಂಟು ತಿಂಗಳ ನಂತರ ಅವರ ಸೊಸೆ ಕೈಯಲ್ಲಿ ವೈರ್ ಬುಟ್ಟಿ ಹಿಡಿದು ಮತ್ತೆ ಬಂದರು. ಅವತ್ತು ನಾನು ಅವರಿಗೆ ಒಂದು ಅಚ್ಚು ಬೆಲ್ಲ ಹೆಚ್ಚಿಗೆ ಕೊಟ್ಟೆ.

ಕವರಿನ ಬದಲಿಗೆ ಏನು ಎಂಬಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಬಟ್ಟೆಯ ಚೀಲ ಎಂದು ಏಜೆಂಟರು ತಂದುಕೊಟ್ಟ ಬಣ್ಣಬಣ್ಣದ ಚೀಲಗಳನ್ನು ಎರಡು ವರ್ಷ ನಂಬಿ ಮಾರಿದೆ. ಮುಟ್ಟಿದರೆ ಬಟ್ಟೆಯಂತೆಯೇ, ಸಣ್ಣ ಸಣ್ಣ ಚುಕ್ಕಿಯ ಅಚ್ಚು. ನಾಲ್ಕು ಸಲ ಬಳಸುವಷ್ಟರಲ್ಲಿ ಪುಡಿಪುಡಿಯಾಗಿ ಉದುರತೊಡಗಿದಾಗ ಅನುಮಾನ ಬಂತು. ಮಗಳು ಒಂದು ಚೂರು ಕತ್ತರಿಸಿ ಚಿಮಟದಲ್ಲಿ ಹಿಡಿದು ದೀಪದ ಕುಡಿಗೆ ಹಿಡಿದಳು. ಹತ್ತಿಯ ಬಟ್ಟೆಯಾದರೆ ಉರಿದು ಬೂದಿಯಾಗಬೇಕು. ಇದು ಮುದುಡಿ, ಕರಗಿ, ಹನಿಯಾಗಿ ತೊಟ್ಟಿಕ್ಕಿತು. ಅದು ಪಾಲಿಪ್ರೊಪಿಲೀನ್ ಎಳೆಗಳನ್ನು ನೇಯದೆ ಅಂಟಿಸಿ ಮಾಡಿದ ಪ್ಲಾಸ್ಟಿಕ್ಕೇ. ನಿಯಮದಲ್ಲಿಯೂ ಅದನ್ನು ಪ್ಲಾಸ್ಟಿಕ್ ಚೀಲವೆಂದೇ ಪರಿಗಣಿಸಿ, ಚದರ ಮೀಟರಿಗೆ 60 ಗ್ರಾಂಗಿಂತ ಕಡಿಮೆ ತೂಕದ್ದು ಕೂಡದು ಎಂದಿದ್ದಾರೆ. ಮದುವೆಯ ತಾಂಬೂಲಕ್ಕೆ, ಗೃಹಪ್ರವೇಶಕ್ಕೆ, ಜವಳಿ ಅಂಗಡಿಯಲ್ಲಿ ‘ಪರಿಸರಸ್ನೇಹಿ’ ಎಂದು ಅಚ್ಚು ಹಾಕಿಸಿ ಕೊಡುವುದು ಬಹುಪಾಲು ಇದೇ ಚೀಲ. ಓದುಗರು ಮನೆಯಲ್ಲಿರುವ ಚೀಲಗಳ ಒಂದು ಎಳೆಯನ್ನು, ಮಕ್ಕಳನ್ನು ದೂರ ಇರಿಸಿ, ಬಯಲಿನಲ್ಲಿ ಸುಟ್ಟು ನೋಡಲಿ.

ದಪ್ಪದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಮ್ಮಂಥವರಿಗೆ ಹೆಚ್ಚು ಗೊಂದಲವಾಗಿರುವುದು ಅಲ್ಲಿಯೇ. ಕೇಂದ್ರದ 2011ರ ನಿಯಮದಲ್ಲಿ ಚೀಲದ ಕನಿಷ್ಠ ದಪ್ಪ 40 ಮೈಕ್ರಾನ್ ಇತ್ತು (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್). 2016ರಲ್ಲಿ 50 ಆಯಿತು, 2021ರ ಸೆಪ್ಟೆಂಬರ್ 30ರಿಂದ 75, 2022ರ ಡಿಸೆಂಬರ್ 31ರಿಂದ 120. ನಮ್ಮ ರಾಜ್ಯ ಸರ್ಕಾರವಂತೂ 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ, ದಪ್ಪ ಎಷ್ಟೇ ಇರಲಿ, ಪ್ಲಾಸ್ಟಿಕ್ ಕೈಚೀಲವೇ ಬೇಡ ಎಂದಿತು. ಆದರೂ ಏಜೆಂಟರು ಬಂದು ‘ಇದು 120, ಇದಕ್ಕೆ ತೊಂದರೆ ಇಲ್ಲ’ ಎನ್ನುತ್ತಾರೆ. ಅಂಗಡಿಯವನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ಮೈಕ್ರಾನ್ ಅಳೆಯಲಾರ. ಅದಕ್ಕಿಂತ ಮುಖ್ಯವಾದ ಮಾತು, ದಪ್ಪ ಚೀಲದ ಉದ್ದೇಶ ಜನ ಅದನ್ನು ಮತ್ತೆ ಮತ್ತೆ ಬಳಸಲಿ ಎಂಬುದು. ತೆಳು ಕವರನ್ನು ಎಸೆದ ಹಾಗೆಯೇ ಅದನ್ನೂ ಮನೆಗೆ ಹೋದ ಕೂಡಲೇ ಎಸೆದರೆ, 30 ಮೈಕ್ರಾನಿನ ಜಾಗದಲ್ಲಿ ನಾಲ್ಕು ಪಟ್ಟು ಪ್ಲಾಸ್ಟಿಕ್ ಎಸೆದಂತಾಯಿತು. ಎಸೆಯುವ ಕೈ ಬದಲಾಗದೆ ಚೀಲ ಮಾತ್ರ ದಪ್ಪವಾದರೆ ಚರಂಡಿಗೆ ನಷ್ಟವೇ.

ಕೊನೆಗೆ ನಿಂತದ್ದು ಹಳೆಯ ಬಟ್ಟೆಯ ಚೀಲ. ನಮ್ಮ ಬೀದಿಯಲ್ಲಿ ಹೊಲಿಗೆ ಮಾಡುವ ಅಕ್ಕ ಒಬ್ಬರಿದ್ದಾರೆ. ಹಳೆಯ ಹತ್ತಿ ಸೀರೆ, ಪಂಚೆ, ಪರದೆ ಏನು ಕೊಟ್ಟರೂ ಚೀಲ ಹೊಲಿದುಕೊಡುತ್ತಾರೆ. ಮೊದಲು 60 ಚೀಲ ಹೊಲಿಸಿ, ಮರೆತು ಬಂದವರಿಗೆ ಕೊಟ್ಟು, ಮುಂದಿನ ಸಲ ತಂದುಕೊಡಿ ಎಂದೆ. ತಿಂಗಳ ಕೊನೆಗೆ 19 ಉಳಿದಿದ್ದವು. ಪುಕ್ಕಟೆ ಸಿಕ್ಕಿದ್ದು ಬಟ್ಟೆಯದಾದರೂ ಜನ ಅದನ್ನು ಕವರಿನಂತೆಯೇ ನೋಡುತ್ತಾರೆ ಎಂದು ಅವತ್ತು ತಿಳಿಯಿತು. ಆಮೇಲೆ 20 ರೂಪಾಯಿ ಇಟ್ಟೆ. ಚೀಲ ವಾಪಸು ತಂದ ದಿನ ಹಣ ವಾಪಸು, ಚೀಲ ಹರಿದಿದ್ದರೂ ಪರವಾಗಿಲ್ಲ, ಹೊಲಿಸಿಕೊಳ್ಳುತ್ತೇನೆ. ಈಗ ಆ ಚೀಲಗಳು ಊರೆಲ್ಲ ಓಡಾಡುತ್ತಿವೆ. ತೀರಿಹೋದ ನಮ್ಮ ದೊಡ್ಡಮ್ಮನ ಮೊಸರುಬಣ್ಣದ ಸೀರೆಯ ಸೆರಗನ್ನು ಒಮ್ಮೆ ಬಸ್ ನಿಲ್ದಾಣದಲ್ಲಿ ಯಾರದೋ ಕೈಯಲ್ಲಿ ಕಂಡು ಗುರುತು ಹಿಡಿದೆ.

ಡಬ್ಬಿ ತರುವವರನ್ನು ನಾನು ಇನ್ನೂ ಹೆಚ್ಚು ಗೌರವಿಸುತ್ತೇನೆ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದದ ಪೊಟ್ಟಣ ಸೋಲುತ್ತದೆ. ಖಾಕಿ ಕಾಗದದಲ್ಲಿ ಕಟ್ಟಿದ ಅವಲಕ್ಕಿ ಮನೆ ಮುಟ್ಟುವುದರೊಳಗೆ ಮೆತ್ತಗಾಗುತ್ತದೆ, ಸಕ್ಕರೆ ಬೆವರುತ್ತದೆ. ಇದಕ್ಕೆ ಮುಚ್ಚಳವಿರುವ ಡಬ್ಬಿಯಂಥ ಮದ್ದಿಲ್ಲ. ಆದರೆ ಡಬ್ಬಿ ತರುವವರಿಗೆ ಒಂದು ಅನುಮಾನ ಇರುತ್ತದೆ, ಡಬ್ಬಿಯ ತೂಕವನ್ನೂ ಸಾಮಾನಿನ ಲೆಕ್ಕಕ್ಕೆ ಸೇರಿಸಿಬಿಡುತ್ತಾರೇನೋ ಎಂದು. ನ್ಯಾಯವಾದ ಅನುಮಾನ. ಅದಕ್ಕೆ ಮಗಳು ಉಪಾಯ ಹೇಳಿದಳು: ಮೊದಲ ಸಲ ತಂದಾಗಲೇ ಖಾಲಿ ಡಬ್ಬಿಯನ್ನು ಅವರ ಎದುರಿಗೇ ತೂಗಿ, ತಳಕ್ಕೆ ಆ ತೂಕವನ್ನು ಉಗುರುಬಣ್ಣದಲ್ಲಿ ಬರೆದುಕೊಡುವುದು. ತೊಳೆದರೂ ಹೋಗುವುದಿಲ್ಲ. ಈಗ ಕೆಲವರು ಅದೇ ಡಬ್ಬಿಯನ್ನು ಮೀನು ಮಾರುಕಟ್ಟೆಗೂ ಒಯ್ಯುತ್ತಾರಂತೆ, ಅಲ್ಲಿಯೂ ತಳ ನೋಡಿ ತೂಗುತ್ತಾರಂತೆ. ಕೇಳಿ ಸಂತೋಷವಾಯಿತು.

ಇಷ್ಟು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ನೋಡಿದ್ದರಲ್ಲಿ ನನಗೆ ಖಚಿತವಾಗಿರುವ ಒಂದು ಸಂಗತಿ ಇದೆ. ತಿಂಗಳ ಚೀಟಿ ಬರೆದು ತರುವ ಮನೆಗಳಿಂದ ಕಸ ಕಡಿಮೆ. ಅಡುಗೆಮನೆಯ ಡಬ್ಬಿಗಳನ್ನು ತೆರೆದು ನೋಡಿ, ಎಷ್ಟಿದೆ ಎಷ್ಟು ಬೇಕು ಎಂದು ಬರೆದು, ಚೀಟಿಯ ಜೊತೆ ಚೀಲವನ್ನೂ ಕಳಿಸುತ್ತಾರೆ. ಬೇಳೆ ಎರಡು ಕೆ.ಜಿ. ಒಟ್ಟಿಗೆ ಹೋಗುತ್ತದೆ. ದಿನಾ ಸಂಜೆ ನೆನಪಾದದ್ದನ್ನು ಕೊಳ್ಳಲು ಬರುವವರು ಅದೇ ಎರಡು ಕೆ.ಜಿ. ಬೇಳೆಯನ್ನು ಎಂಟು ಸಲ ಕಾಲು ಕಾಲು ಕೆ.ಜಿ. ಒಯ್ಯುತ್ತಾರೆ. ಬೇಳೆ ಅಷ್ಟೇ, ಹೊದಿಕೆ ಎಂಟು. ಚೀಟಿ ಬರೆಯುವ ಮನೆಗಳಲ್ಲಿ ಹುಳ ಬಿದ್ದು ಎಸೆಯುವ ಹಿಟ್ಟೂ ಕಡಿಮೆ ಎಂದು ನನ್ನ ಹೆಂಡತಿ ಹೇಳುತ್ತಾಳೆ, ಅದು ಅವಳ ಅನುಭವ.

ಆದರೆ ದಿನಗೂಲಿಯವರಿಗೆ ಈ ಮಾತನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ. ನನ್ನ ಅಂಗಡಿಯ ಮುಂದೆ ಶಾಂಪೂ ಪೊಟ್ಟಣಗಳ ಮಾಲೆ ಈಗಲೂ ತೂಗುತ್ತಿದೆ. ಸಂಜೆ ಕೂಲಿ ಕೈಗೆ ಬಂದ ಮೇಲೆ ಅವತ್ತಿನ ಅಕ್ಕಿ, ಅವತ್ತಿನ ಎಣ್ಣೆ, ಒಂದು ಪೊಟ್ಟಣ ಶಾಂಪೂ ಕೊಳ್ಳುವ ಹೆಂಗಸಿಗೆ ದೊಡ್ಡ ಬಾಟಲಿ ಕೊಳ್ಳಿ ಎನ್ನುವುದು ಕ್ರೂರವಾದ ಮಾತು. ಆ ಪೊಟ್ಟಣದಲ್ಲಿ ಒಂದರ ಮೇಲೊಂದು ಅಂಟಿಸಿದ ಬೇರೆ ಬೇರೆ ಪದರಗಳಿರುತ್ತವೆ. ಚಿಪ್ಸ್ ಪೊಟ್ಟಣವೂ ಹಾಗೆಯೇ. ಆ ಪದರಗಳನ್ನು ಬಿಡಿಸಲಾಗದು, ಆದ್ದರಿಂದ ಗುಜರಿಯವರು ಒಯ್ಯುವುದಿಲ್ಲ. ಅಚ್ಚುಕಟ್ಟಾಗಿ ಸಂಗ್ರಹಿಸಿದರೆ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗಿ ಹೋಗಬಹುದು, ಅಷ್ಟೇ. ಅದನ್ನು ಬದಲಿಸಬೇಕಾದವರು ತಯಾರಿಸುವವರು, ಆ ಕಸವನ್ನು ಸಂಗ್ರಹಿಸಿ ವಿಲೇವಾರಿ ಮಾಡುವ ಹೊಣೆಯನ್ನು ಕಾನೂನೇ ಅವರ ಮೇಲೆ ಹೊರಿಸಿದೆ. ನನ್ನ ಕೈಲಾದದ್ದು, ಸೀಗೆಪುಡಿ ಮತ್ತು ಅಂಟುವಾಳವನ್ನು ಚಮಚದ ಲೆಕ್ಕದಲ್ಲಿ ಬಿಡಿಯಾಗಿ ಇಟ್ಟಿದ್ದೇನೆ. ಐದು ರೂಪಾಯಿಗೂ ಕೊಡುತ್ತೇನೆ. ಕೊಳ್ಳುವವರು ಹೆಚ್ಚುತ್ತಿದ್ದಾರೆ.

ಮನೆಯ ಮಾತು ಹೇಳದೆ ಅಂಗಡಿಯದ್ದನ್ನಷ್ಟೇ ಹೇಳಿದರೆ ಪತ್ರ ಅರ್ಧವಾಗುತ್ತದೆ. ನಮ್ಮಲ್ಲಿ ದಿನಕ್ಕೆ ಅರ್ಧ ಲೀಟರಿನ ಎರಡು ಹಾಲಿನ ಪ್ಯಾಕೆಟ್, ವರ್ಷಕ್ಕೆ 730. ಮೊದಲು ಮೂಲೆಯನ್ನು ಪೂರ್ತಿ ಕತ್ತರಿಸಿ ತೆಗೆಯುತ್ತಿದ್ದೆವು. ಆ ತ್ರಿಕೋನದ ಚೂರು ಉಗುರಿನಷ್ಟಿರುತ್ತದೆ, ಯಾವ ಬುಟ್ಟಿಯಲ್ಲೂ ನಿಲ್ಲುವುದಿಲ್ಲ, ತರಕಾರಿ ಸಿಪ್ಪೆಯ ಜೊತೆ ಗೊಬ್ಬರಕ್ಕೋ ಬಚ್ಚಲ ನೀರಿನ ಜೊತೆ ಹಿತ್ತಲಿಗೋ ಹೋಗುತ್ತದೆ. ನಮ್ಮ ಗೊಬ್ಬರಗುಂಡಿಯನ್ನು ತೋಡಿದಾಗ ಮಲ್ಲಿಗೆಯ ಬುಡದಲ್ಲಿ ಆ ಚೂರುಗಳು ಹಾಗೇ ಹೊಳೆಯುತ್ತಿದ್ದವು. ಈಗ ಮೂಲೆಯನ್ನು ಸೀಳುತ್ತೇವೆ, ಬೇರ್ಪಡಿಸುವುದಿಲ್ಲ. ಖಾಲಿಯಾದ ಪ್ಯಾಕೆಟಿಗೆ ಸ್ವಲ್ಪ ನೀರು ಹಾಕಿ ಕುಲುಕಿ, ಆ ನೀರನ್ನು ಗಿಡಕ್ಕೆ ಸುರಿದು, ತಂತಿಗೆ ಸಿಕ್ಕಿಸಿ ಒಣಗಿಸುತ್ತೇವೆ. ಒಣಗಿದ ಹಾಲಿನ ಪ್ಯಾಕೆಟಿಗೆ ಗುಜರಿಯಲ್ಲಿ ಬೆಲೆ ಇದೆ. ಹುಳಿವಾಸನೆಯ ಒದ್ದೆ ಪ್ಯಾಕೆಟ್ಟಿಗೆ ಇಲ್ಲ.

ಮನೆಯಲ್ಲಿ ಬಿಡಿಸಲು ಕಷ್ಟವಾದದ್ದು ಬಚ್ಚಲ ಒಲೆ. ನಮ್ಮ ಕಡೆಯವರಿಗೆ ಇದು ಹೇಳದೆಯೇ ಅರ್ಥವಾಗುತ್ತದೆ. ಹಂಡೆಯ ಒಲೆಗೆ ಬೆಂಕಿ ಹಿಡಿಸಲು ಕವರಿನಂಥ ಸುಲಭದ ವಸ್ತುವಿಲ್ಲ. ಮಳೆಗಾಲದ ಹಸಿ ಸೌದೆಗಂತೂ ಎರಡು ಹಾಲಿನ ಪ್ಯಾಕೆಟ್ ಬೇಕೇ ಬೇಕು ಎಂದು ನನ್ನ ಅಮ್ಮ ನಂಬಿದ್ದರು. ಮನೆಯಲ್ಲಿ ಕಸವೇ ಉಳಿಯುವುದಿಲ್ಲ ನೋಡು ಎಂದು ಅದರ ಬಗ್ಗೆ ಅವರಿಗೆ ತೃಪ್ತಿಯೂ ಇತ್ತು. ಆ ಹೊಗೆ ಮೊದಲು ಸೇರುವುದು ಒಲೆಯ ಮುಂದೆ ಬಗ್ಗಿ ಊದುವವರ ಎದೆಗೆ. ಪಿ.ವಿ.ಸಿ.ಯಂಥ ಪ್ಲಾಸ್ಟಿಕ್ ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಆ ಬೂದಿಯನ್ನು ನಾವು ತೆಂಗಿನ ಬುಡಕ್ಕೆ ಹಾಕುತ್ತೇವೆ. ಅಮ್ಮನಿಗೆ ಇದನ್ನು ಒಪ್ಪಿಸಲು ಎರಡು ಮಳೆಗಾಲ ಬೇಕಾಯಿತು. ಜಗಳ ಮಾಡಿ ಆಗಲಿಲ್ಲ. ಬೇಸಿಗೆಯಲ್ಲಿಯೇ ಒಣ ಅಡಿಕೆಸಿಪ್ಪೆ, ಸೋಗೆಯ ಚೂರು, ಹರಿದ ಹಾಳೆಗಳನ್ನು ಗೋಣಿಚೀಲದಲ್ಲಿ ತುಂಬಿ ಬಚ್ಚಲ ಅಟ್ಟದ ಮೇಲೆ ಬೆಚ್ಚಗೆ ಇಟ್ಟೆವು. ಕೈಗೆಟಕುವಲ್ಲಿ ಒಣ ಸಿಪ್ಪೆ ಇದ್ದಾಗ ಅಮ್ಮ ತಾವಾಗಿಯೇ ಪ್ಯಾಕೆಟ್ ಬಿಟ್ಟರು.

ಅಡುಗೆಮನೆಯ ಹಸಿ ಕಸಕ್ಕೆ ಹಿತ್ತಲ ಗುಂಡಿ ಸಾಕು. ಒಂದು ಪದರ ಸಿಪ್ಪೆಗೆ ಒಂದು ಪದರ ದರಕು (ಒಣ ಎಲೆ), ಮೇಲೆ ಒಂದು ಹಿಡಿ ಹಳೆಯ ಗೊಬ್ಬರ. ನಾತ ಬಂದರೆ ದರಕು ಸಾಲಲಿಲ್ಲ ಎಂದು ತಿಳಿಯಬೇಕು. ಕಸದ ಗಾಡಿಗೆ ನಾವು ಕೊಡುವುದು ಒಣಕಸ ಮಾತ್ರ, ಅದೂ ವಾರಕ್ಕೊಮ್ಮೆ. ಗಾಡಿಯ ಜೊತೆ ಬರುವ ಅಕ್ಕ ಒಂದು ದಿನ ಅಂಗೈ ತೋರಿಸಿದರು. ಯಾರದೋ ಮನೆಯ ಕವರಿನೊಳಗಿದ್ದ ದಾಡಿ ಬ್ಲೇಡು ಕೊಯ್ದ ಗಾಯ, ನಾಲ್ಕು ಹೊಲಿಗೆ. ಆಮೇಲೆ ಅವರು ಹೇಳಿಕೊಟ್ಟಂತೆಯೇ ಮಾಡುತ್ತಿದ್ದೇವೆ: ಬ್ಲೇಡು, ಗಾಜಿನ ಚೂರನ್ನು ದಪ್ಪ ಕಾಗದದಲ್ಲಿ ಸುತ್ತಿ ದಾರ ಕಟ್ಟುವುದು, ಪ್ಯಾಡು ಮತ್ತು ಡಯಾಪರನ್ನು ಬೇರೆಯಾಗಿ ಪತ್ರಿಕೆಯಲ್ಲಿ ಸುತ್ತಿ ಕೆಂಪು ಗುರುತು ಹಾಕುವುದು. ಇದಕ್ಕೆ ಒಂದು ನಿಮಿಷ ಸಾಕು.

ಅಂಗಡಿಗೆ ದಿನಕ್ಕೆ ಎರಡು ಸಲ ಮೂರು ಚಹಾ ಬರುತ್ತದೆ. ಕಾಗದದ ಲೋಟದಲ್ಲಿ ಬರುತ್ತಿತ್ತು, ಕಾಗದ ತಾನೇ ಎಂದು ನಾನೂ ನೆಮ್ಮದಿಯಾಗಿದ್ದೆ. ಅದರ ಒಳಗೋಡೆಗೆ ತೆಳುವಾದ ಪ್ಲಾಸ್ಟಿಕ್ ಪೊರೆ ಇರುತ್ತದೆ, ಇಲ್ಲವಾದರೆ ಚಹಾ ನಿಲ್ಲುವುದೇ ಇಲ್ಲ. ಅಂಥ ಲೋಟದಲ್ಲಿ 100 ಮಿಲಿಲೀಟರ್ ಬಿಸಿನೀರನ್ನು 15 ನಿಮಿಷ ಇಟ್ಟರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಬಿಡುತ್ತವೆ ಎಂದು ಖರಗ್‌ಪುರದ ಐಐಟಿಯವರು 2020ರಲ್ಲಿ ಕಂಡುಕೊಂಡರು. ಅದನ್ನು ಓದಿದ ಮರುದಿನ ಮೂರು ಸ್ಟೀಲ್ ಲೋಟ ತಂದು ಅಂಗಡಿಯ ಕಪಾಟಿನಲ್ಲಿಟ್ಟೆ. ಚಹಾದವನು ಕೆಟಲಿನಿಂದ ಸುರಿದುಹೋಗುತ್ತಾನೆ. ತಿಂಗಳಿಗೆ 150ಕ್ಕೂ ಹೆಚ್ಚು ಲೋಟ ಉಳಿಯಿತು. ಹೋಟೆಲಿನ ಇಡ್ಲಿಯದೂ ಇದೇ ಕಥೆ. ತಟ್ಟೆಗೆ ಒದ್ದೆ ಬಟ್ಟೆ ಹಾಸುವ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುತ್ತಿದ್ದುದು 2025ರ ಫೆಬ್ರುವರಿಯಲ್ಲಿ ರಾಜ್ಯದ ಆಹಾರ ಸುರಕ್ಷತಾ ತಪಾಸಣೆಯಲ್ಲಿ ಗೊತ್ತಾಗಿ, ಸರ್ಕಾರ ಅದು ಕೂಡದೆಂದಿತು. ಇಡ್ಲಿ ಬಟ್ಟೆಯನ್ನು ಒಗೆದು ಒಣಹಾಕುವಷ್ಟು ಹೊತ್ತು ನಮ್ಮಲ್ಲಿ ಇಲ್ಲವಾಯಿತೇ ಎಂದು ನನಗೆ ಬಹಳ ದುಃಖವಾಯಿತು.

ಅಪ್ಪಯ್ಯ 2022ರ ಮಾಘದಲ್ಲಿ ಹೋದರು. ವೈಕುಂಠ ಸಮಾರಾಧನೆಗೆ 280 ಜನ. ಅಡುಗೆಯವರು ತಂದ ಪಟ್ಟಿಯಲ್ಲಿ ಸಣ್ಣ ನೀರಿನ ಬಾಟಲಿ 300, ಮೇಜಿನ ಮೇಲೆ ಹಾಸುವ ಹಾಳೆಯ ಸುರುಳಿ ನಾಲ್ಕು, ಪಾಯಸಕ್ಕೆ ಕಪ್ಪು 300, ಚಮಚ 300 ಎಂದಿತ್ತು. ತೋಟದಲ್ಲಿ ಬಾಳೆ ಇರುವಾಗ, ಬಾಳೆಲೆಯ ಆಕಾರಕ್ಕೆ ಕತ್ತರಿಸಿ ಹಸಿರು ಬಣ್ಣ ಬಳಿದ ಪ್ಲಾಸ್ಟಿಕ್ ಲೇಪದ ಎಲೆಯೂ ಆ ಪಟ್ಟಿಯಲ್ಲಿತ್ತು. ತೋಟದಿಂದ ಬಾಳೆಲೆ ಕೊಯ್ದೆವು. ಊರಿನ ದೇವಸ್ಥಾನದ ಪಾತ್ರೆಗಳ ಜೊತೆ 300 ಸ್ಟೀಲ್ ಲೋಟ ಸಿಕ್ಕಿತು. ಪಾಯಸಕ್ಕೆ ಅಡಿಕೆ ಹಾಳೆಯ ದೊನ್ನೆ. ನೀರಿಗೆ ಮೂರು ಹಂಡೆ, ನಾಲ್ವರು ಹುಡುಗರು. ಲೋಟ ತೊಳೆಯಲು ಇಬ್ಬರಿಗೆ ಕೂಲಿ ಕೊಟ್ಟೆವು, ಬಾಟಲಿಗೆ ಆಗುತ್ತಿದ್ದ ಖರ್ಚಿಗಿಂತ ಅದು ಕಡಿಮೆಯೇ. ಊಟ ಮುಗಿದ ಮೇಲೆ ಎಲೆ ಮತ್ತು ದೊನ್ನೆ ಎಲ್ಲವೂ ತೋಟದ ಗೊಬ್ಬರಗುಂಡಿ ಸೇರಿತು. ಉಳಿದ ಕಸ ಎಂದರೆ ಎಣ್ಣೆಯ ಖಾಲಿ ಡಬ್ಬಿ, ಒಂದು ಸಣ್ಣ ಚೀಲದಷ್ಟು ಪ್ಯಾಕೆಟ್. ವರ್ಷಗಟ್ಟಲೆ ಕಾಗದ ಮತ್ತು ದಾರದಲ್ಲಿ ಪೊಟ್ಟಣ ಕಟ್ಟಿದ ಮನುಷ್ಯನನ್ನು ಹಾಗೆಯೇ ಬೀಳ್ಕೊಟ್ಟೆವು ಎಂಬ ಸಮಾಧಾನ ನನಗಿದೆ. ನಮ್ಮೂರಿನಲ್ಲಿ ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ನಡೆಯುತ್ತದೆ. ಆಗ ಮನೆಮನೆಗೂ ನೆಂಟರು ಬರುತ್ತಾರೆ. ಆ ದಿನಗಳಲ್ಲಿ ಲೋಟಗಳನ್ನು ಹೀಗೆ ಎರವಲು ಕೊಡುವ ಒಂದು ಜಾಗ ಪ್ರತಿ ಬೀದಿಯಲ್ಲಿಯೂ ಇದ್ದರೆ ಎಷ್ಟು ಚೆನ್ನ.

ಸಂಪಾದಕರೇ, ನಿಮ್ಮಲ್ಲಿ ಎರಡು ಬಿನ್ನಹ. ದಾಳಿಯ ಸುದ್ದಿ ಬರೆಯುವಾಗ, ಆ ಕವರು ಎಲ್ಲಿ ತಯಾರಾಗಿ ಯಾವ ದಾರಿಯಲ್ಲಿ ಪೇಟೆಗೆ ಬಂತು ಎಂಬುದನ್ನೂ ನಿಮ್ಮ ವರದಿಗಾರರು ವಿಚಾರಿಸಿ ಬರೆಯಲಿ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾಗಳನ್ನು ಮಾರುವುದಷ್ಟೇ ಅಲ್ಲ, ತಯಾರಿಸುವುದೂ ದಾಸ್ತಾನಿಡುವುದೂ ದೇಶದಾದ್ಯಂತ ನಿಷಿದ್ಧ. ಆದರೂ ಚಿತ್ರದಲ್ಲಿ ತಲೆ ತಗ್ಗಿಸಿ ನಿಲ್ಲುವವರು ನಾವು ಮಾತ್ರ. ನಮ್ಮ ತಪ್ಪನ್ನು ನಾವು ಒಪ್ಪುತ್ತೇವೆ, ಉಳಿದವರ ಮುಖವೂ ಜನರಿಗೆ ಕಾಣಲಿ.

ಇನ್ನೊಂದು, ಮಳೆಗಾಲದಲ್ಲಿ ಪತ್ರಿಕೆ ನೆನೆಯಬಾರದೆಂದು ಹುಡುಗರು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎಸೆದು ಹೋಗುತ್ತಾರೆ. ನಾಲ್ಕು ತಿಂಗಳಿಗೆ ಮನೆಗೆ 120 ಕವರು. ಅವರನ್ನು ದೂರುವುದಿಲ್ಲ, ನೆನೆದ ಪತ್ರಿಕೆಗೆ ನಾವೇ ಅವರನ್ನು ಬೈದದ್ದು. ನಮ್ಮ ಬೀದಿಯ ಒಂಬತ್ತು ಮನೆಯವರು ಗೇಟಿಗೆ ಮೊಣಕೈ ಉದ್ದದ ಹಳೆಯ ಪೈಪಿನ ತುಂಡನ್ನು ಸ್ವಲ್ಪ ಓರೆಯಾಗಿ ಕಟ್ಟಿ, ಒಂದು ಬಾಯಿಗೆ ಮುಚ್ಚಳ ಹಾಕಿದ್ದೇವೆ. ಹುಡುಗ ಪತ್ರಿಕೆಯನ್ನು ಸುರುಳಿ ಮಾಡಿ ಒಳಗೆ ತೂರಿಸುತ್ತಾನೆ. ಎರಡು ಮಳೆಗಾಲ ಕಳೆಯಿತು, ಒಂದು ದಿನವೂ ಪತ್ರಿಕೆ ಒದ್ದೆಯಾಗಿಲ್ಲ. ನೀವು ಇದನ್ನು ನಿಮ್ಮ ಏಜೆಂಟರ ಮೂಲಕ ಚಂದಾದಾರರಿಗೆಲ್ಲ ತಿಳಿಸಬಹುದು.

ಚೀಲ ಹೊಲಿಸಬೇಕೆಂದಿರುವ ಅಂಗಡಿಯವರಿಗೆ ನಮ್ಮ ಚೀಲದ ಅಳತೆ ಕೊಡುತ್ತೇನೆ. ಅಗಲ 14 ಅಂಗುಲ, ಎತ್ತರ 16. ತಳಕ್ಕೆ ಎರಡು ಸಾಲು ಹೊಲಿಗೆ. ಹಿಡಿಕೆಗೆ ಸೀರೆಯ ಅಂಚನ್ನು ನಾಲ್ಕು ಮಡಿಕೆ ಮಾಡಿ, ಚೀಲದ ಬಾಯಿಯಿಂದ ನಾಲ್ಕು ಅಂಗುಲ ಕೆಳಗಿನಿಂದಲೇ ಹೊಲಿದು ತರಬೇಕು, ಇಲ್ಲವಾದರೆ ಮೊದಲು ಕಿತ್ತು ಬರುವುದು ಅದೇ. ಐದು ಕೆ.ಜಿ. ಅಕ್ಕಿಯ ಭಾರವನ್ನು ತಡೆಯುತ್ತದೆ. ಮಡಚಿದರೆ ಅಂಗಿಯ ಜೇಬಿನಲ್ಲಿ ಹಿಡಿಯುತ್ತದೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ದಿನಸಿ ವ್ಯಾಪಾರಿ, ಸಾಗರ, ಶಿವಮೊಗ್ಗ ಜಿಲ್ಲೆ